ಹನ್ನೆರಡನೆಯ ಸಹಿ

“ಬೆರಳು ಕೊಡಿ ಅಕ್ಕ, ಸಹಿ ಎಲ್ಲಿ ಹಾಕಬೇಕು ಅಂತ ತೋರಿಸ್ತೀನಿ,” ಎಂದ ಮ್ಯಾನೇಜರ್.

ಮಳೆಯಕ್ಕ ಬೆರಳು ಕೊಡಲಿಲ್ಲ. ಹದಿನಾಲ್ಕು ವರ್ಷ ಕೇಳಿದಾಗಲೆಲ್ಲ ಕೊಟ್ಟಿದ್ದಳು: ರಜೆ ಅರ್ಜಿಗೆ, ಸಂಬಳದ ಚೀಟಿಗೆ, ಯಾರೂ ಓದಿ ಹೇಳದ ಎಷ್ಟೋ ಸುತ್ತೋಲೆಗಳಿಗೆ. ಹುಟ್ಟಿನಿಂದ ಕಣ್ಣು ಕಾಣದವಳು, ಪಾಪ, ಅವಳಿಗೇಕೆ ತೊಂದರೆ ಎಂದು ಬೆರಳು ಹಿಡಿದು ಕಾಗದದ ಮೇಲೆ ಊರಿಬಿಡುತ್ತಿದ್ದರು. ತೊಂದರೆ ಯಾರಿಗೆ ತಪ್ಪುತ್ತಿತ್ತೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಮೊದಲು ಓದಿ ಸಾರ್.”

“ಅದೇ, ಹೊಸ ಆಲ್-ಇನ್-ಒನ್ ಕಂಪ್ಯೂಟರ್ ಬಂದಿದೆಯಲ್ಲ, ಅದರ ವರದಿ. ಹನ್ನೊಂದು ಜನದ ಸಹಿ ಆಯ್ತು. ಹನ್ನೆರಡೂ ಇಲ್ದೆ ಹೆಡ್ ಆಫೀಸಿನವರು ತಗೊಳ್ಳಲ್ಲ.”

“ಓದಿ.”

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡ. “ಈ ಯಂತ್ರವನ್ನೂ ಅದರ ಪರಿಕರಗಳನ್ನೂ ನಾನು ಖುದ್ದಾಗಿ ನೋಡಿ, ಬಳಸಿ, ಒಪ್ಪಿರುತ್ತೇನೆ.” ‘ನೋಡಿ’ ಎಂಬಲ್ಲಿ ದನಿ ಸ್ವಲ್ಪ ತೊದಲಿತು.

“ನೋಡೋದು ಹೋಗ್ಲಿ ಬಿಡಿ. ಬಳಸೋಕಾದ್ರೂ ಕೊಡಿ,” ಎಂದು ಅವಳು ಎದ್ದೇಬಿಟ್ಟಳು.

ಸಭೆ, ವಿಚಾರಣೆಗಳ ಧ್ವನಿಮುದ್ರಣ ಕೇಳಿ ಟೈಪ್ ಮಾಡಿಕೊಡುವ ಕಚೇರಿ ಅದು. ಹನ್ನೆರಡು ಮಂದಿಯಲ್ಲಿ ಎಲ್ಲರಿಗಿಂತ ಹೆಚ್ಚು ಪುಟ ಇವಳದೇ. ಬೆರಳು ಓಡಿದರೆ ತಗಡಿನ ಮೇಲೆ ಮಳೆ ಹೊಯ್ದ ಹಾಗೆ. ಹೆಸರು ಬಂದದ್ದೂ ಅದರಿಂದಲೇ. ಅವಳ ಮೇಜಿನ ಮೇಲೆ ಪರದೆಯೇ ಇರಲಿಲ್ಲ. ಒಂದು ಹಳೆಯ ಕೀಬೋರ್ಡ್, ಕಾಲ ಬಳಿ ಕಂಪ್ಯೂಟರಿನ ಡಬ್ಬ, ಅದರಿಂದ ಕಿವಿಗೆ ಬರುವ ವೈರು. ಒಂದು ಕಿವಿಗೆ ಧ್ವನಿಮುದ್ರಣ ಕೇಳಿಸಿದರೆ, ಇನ್ನೊಂದು ಕಿವಿಗೆ ಅವಳು ಬರೆದದ್ದನ್ನು ಯಂತ್ರವೇ ಓದಿ ಹೇಳುತ್ತಿತ್ತು. ಹೊಸಬರು ಅವಳನ್ನು ಕಂಡರೆ, ಈಕೆ ಕೆಲಸವಿಲ್ಲದೆ ಮೇಜು ಕುಟ್ಟುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು.

ಹೊಸ ಯಂತ್ರದ ಪಕ್ಕದಲ್ಲಿ ಅದನ್ನು ಮಾರಲು ಬಂದವನು ನಿಂತಿದ್ದ. ಬೆಳಗಿನಿಂದ ಹನ್ನೊಂದು ಸಲ ಹೇಳಿದ ಪಾಠ ಅವನ ಬಾಯಿಂದ ತಾನಾಗಿಯೇ ಬಂತು. “ಮೇಡಂ, ಈ ಪರದೆಯ ಬಣ್ಣ ನೋಡಿ, ಇಂಥ ಬಣ್ಣ ನೀವು ಎಲ್ಲೂ...” ಎಂದು ಶುರುಮಾಡಿ ಅರ್ಧಕ್ಕೇ ನಿಂತ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಳೆಯಕ್ಕ ಅಂಗೈಯಿಂದ ಯಂತ್ರದ ಬೆನ್ನು, ಅಂಚು, ಕಾಲು ಎಲ್ಲ ಸವರಿದಳು. “ಇಯರ್‌ಫೋನ್ ಸಿಕ್ಕಿಸೋ ತೂತು ಎಲ್ಲಿ?”

“ಇಲ್ಲ ಮೇಡಂ, ವೈರ್‌ಲೆಸ್. ಪರದೆ ಮೇಲೆ ಒಂದು ಚಿತ್ರ ಬರುತ್ತೆ, ಅದನ್ನ ಒತ್ತಿ ಜೋಡಿಸ್ಕೋಬೇಕು.”

“ಚಿತ್ರ ಒತ್ತಿ. ಸರಿ. ಗಟ್ಟಿಯಾಗಿ ಓದಿ ಹೇಳುತ್ತಾ?”

“ಹಾಲ್‌ನಲ್ಲಿ ಸದ್ದು ಬೇಡ ಅಂತ ನಾನೇ ಬಂದ್ ಮಾಡಿಸಿದೀನಿ,” ಎಂದ ಮ್ಯಾನೇಜರ್.

ಅವಳು ಕೀಬೋರ್ಡಿಗೆ ಕೈ ಹಾಕಿದಳು. ತೆಳ್ಳಗೆ, ನುಣ್ಣಗೆ, ಗಾಜಿನಂತಿತ್ತು. ಹಳೆಯದರಲ್ಲಿ ಎರಡು ಕೀಗಳ ಮೇಲೆ ಸಾಸಿವೆ ಕಾಳಿನಷ್ಟು ಉಬ್ಬು ಇತ್ತು. ತೋರುಬೆರಳುಗಳು ಅಲ್ಲಿ ಕೂತರೆ ಉಳಿದ ಬೆರಳುಗಳಿಗೆಲ್ಲ ತಮ್ಮ ಜಾಗ ತಿಳಿಯುತ್ತಿತ್ತು. ಇದರಲ್ಲಿ ಅಂಥದ್ದೇನೂ ಇಲ್ಲ. ಹಾಗೆಂದು ಅವಳೇನೂ ಕಂಗೆಡಲಿಲ್ಲ. ಲಿಫ್ಟಿನ ಗುಂಡಿ, ಬಿಸಿನೀರಿನ ನಲ್ಲಿ, ಎಲ್ಲದಕ್ಕೂ ಒಂದೊಂದು ಹನಿ ಗೋಂದು ಹಾಕಿ ಒಣಗಿಸಿ ತನ್ನದು ಮಾಡಿಕೊಂಡವಳು ಅವಳು.

“ಎರಡು ಹನಿ ಗೋಂದು ಹಾಕ್ಕೋತೀನಿ. ಬಂದ್ ಮಾಡಿಸಿದ ಸದ್ದು ಮತ್ತೆ ಹಾಕ್ಸಿ, ಒಂದು ವೈರಿಗೆ ದಾರಿ ಮಾಡ್ಕೊಡಿ. ಸಹಿ ಹಾಕ್ತೀನಿ.”

“ವಾರಂಟಿ ಹೋಗುತ್ತೆ,” ಎಂದ ಮಾರುವವನು.

“ಹೊಸ ಮೆಷಿನ್ ಮೇಲೆ ನರಹುಲಿ ಎಬ್ಬಿಸ್ಬೇಡಿ ಅಕ್ಕ,” ಎಂದ ಮ್ಯಾನೇಜರ್. “ಹನ್ನೆರಡೂ ಒಂದೇ ಥರ ಕಾಣ್ಬೇಕು. ಕಷ್ಟ ಆದ್ರೆ ಬಾಗಿಲ ಹತ್ರ ಫೋನ್ ಎತ್ತೋ ಸೀಟಿದೆ, ಆರಾಮಾಗಿ ಕೂತ್ಕೊಳ್ಳಿ. ಸೋಮವಾರ ಹಳೇದೆಲ್ಲ ಲಾರಿಗೆ ಹೋಗುತ್ತೆ.”

ಮಳೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಧ್ವನಿಮುದ್ರಣದಲ್ಲಿ ಮಾತು ತಿಳಿಯದಾಗ ಇದೇ ಮ್ಯಾನೇಜರ್ ಅವಳ ಕುರ್ಚಿಯ ಬಳಿ ಬಂದು, “ಇದೇನಂತ ಕೇಳಿ ಹೇಳಿ ಅಕ್ಕ,” ಎಂದು ನಿಲ್ಲುತ್ತಿದ್ದ. ಅಂಥ ಕಿವಿ, ಅಂಥ ಬೆರಳು ಇಟ್ಟುಕೊಂಡು ಅವಳು ಇನ್ನು ಹಲೋ ಎನ್ನುತ್ತ ಕೂರಬೇಕಂತೆ. ಆದರೂ ದನಿ ಏರಿಸಲಿಲ್ಲ.

“ಆಗ್ಲಿ. ಇದು ಹೇಗಿದೆಯೋ ಹಾಗೇ ಬಳಸ್ತೀನಿ. ನನ್ನ ಅಭಿಪ್ರಾಯ ಇದರಲ್ಲೇ ಟೈಪ್ ಮಾಡಿ ಕೊಡ್ತೀನಿ. ಅದನ್ನ ವರದಿ ಜೊತೆ ಹೆಡ್ ಆಫೀಸಿಗೆ ಕಳಿಸ್ತೀರಾ?”

“ಅಷ್ಟೇ ತಾನೆ? ಧಾರಾಳವಾಗಿ,” ಎಂದ ಮ್ಯಾನೇಜರ್, ಬೀಸುವ ದೊಣ್ಣೆ ತಪ್ಪಿತೆಂಬ ಸಮಾಧಾನದಿಂದ. ಎಲ್ಲರೂ ಕೇಳಿಸಿಕೊಂಡರು.

ಅವಳು ಕೂತಳು. ಕೈ ಎಲ್ಲಿ ಬಿತ್ತೋ ಅಲ್ಲೇ ಇಟ್ಟು, ಎಂದಿನ ಓಟದಲ್ಲೇ ಬೆರಳು ಓಡಿಸಿದಳು. ತೂತು ಯಾಕಿಲ್ಲ, ಉಬ್ಬು ಯಾಕಿಲ್ಲ, ಫೋನಿನ ಸೀಟಿಗೆ ತಾನು ಯಾಕೆ ಹೋಗುವುದಿಲ್ಲ, ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡು ಪುಟ ತುಂಬ ಬರೆದಳು. ಸದ್ದಿಲ್ಲದ ಕೀಬೋರ್ಡಿನ ಮೇಲೆ ಬೆರಳು ಕುಣಿಯುವುದನ್ನು ಹನ್ನೊಂದು ಮಂದಿ ಕೆಲಸ ಬಿಟ್ಟು ನೋಡುತ್ತಿದ್ದರು. ಮುಗಿದ ಮೇಲೆ ಮಾರುವವನ ಕೈಯಲ್ಲೇ ಪ್ರಿಂಟ್ ತೆಗೆಸಿದಳು. ಬೆಚ್ಚಗಿನ ಕಾಗದದ ಕೆಳಭಾಗವನ್ನು ಮಡಚಿ, ಉಗುರಿನಿಂದ ಗೆರೆ ತೀಡಿ, ಆ ಮಡಿಕೆಯ ಮೇಲೆ ನೇರವಾಗಿ ಸಹಿ ಹಾಕಿದಳು. ಯಾರ ಸಹಾಯವೂ ಬೇಕಾಗಲಿಲ್ಲ.

ಮ್ಯಾನೇಜರ್ ಕಾಗದ ತೆಗೆದುಕೊಂಡ. ಪುಟದ ತುಂಬ ಅಕ್ಷರಗಳಿದ್ದವು, ಒಂದು ಪದವೂ ಇರಲಿಲ್ಲ. ಬೆಳಕಿಗೆ ಹಿಡಿದ, ದೂರ ಹಿಡಿದ, ಕನ್ನಡಕ ಒರೆಸಿಕೊಂಡು ಬಂದ.

“ಅಕ್ಕ, ಏನಿದು? ನನಗೆ ಒಂದಕ್ಷರಾನೂ ಓದೋಕೆ ಆಗ್ತಿಲ್ಲ.”

ಮಳೆಯಕ್ಕ ಅವನ ದನಿ ಬಂದ ಕಡೆಗೆ ಕೈ ಚಾಚಿದಳು.

“ಬೆರಳು ಕೊಡಿ ಸಾರ್, ಎಲ್ಲಿಂದ ಓದಬೇಕು ಅಂತ ತೋರಿಸ್ತೀನಿ.”