ಎಲುಬುಬಾಯಿಯ ಮರಳು ಮೈ

“ಅಂಗಿ ತೋಳು ಮೇಲೆ ಮಾಡಿ. ಎಲ್ಲರೂ!” ಎಂದ ಮುದುಕ ಕ್ವಾನ್.

ಅಂಗಳದಲ್ಲಿ ಸೇರಿದ್ದ ನೆರೆಯವರು ಮುಖ ಮುಖ ನೋಡಿಕೊಂಡರು. ಅವನ ನಾಯಿ ಉಕ್ಕುತಲೆ ಮಧ್ಯಾಹ್ನದಿಂದ ಕಾಣೆಯಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಅದು ಪೇಟೆಯವರ ನಾಯಿಯ ಎದುರು ಕಾಳಗಕ್ಕೆ ನಿಲ್ಲಬೇಕಿತ್ತು. ಟೀ ಅಂಗಡಿಯಲ್ಲಿ ಯಾರೋ, “ನಿನ್ನ ಹಾಗೇ ನಿನ್ನ ನಾಯೀನೂ ಮುದಿಯಾಯ್ತು ಬಿಡು” ಎಂದು ಕೆಣಕಿದ್ದಕ್ಕೆ ಮುದುಕ ಎಲ್ಲರೆದುರು ಮಾತು ಕೊಟ್ಟು ಬಂದಿದ್ದ. ನಾಯಿ ಬರದಿದ್ದರೆ ಮಾನ ಹೋಗುತ್ತದೆ. ಬಂದರೆ, ಒಂದು ಕಣ್ಣಿಗೆ ಪೊರೆ ಕಟ್ಟಿದ ಆ ಪ್ರಾಣಿ ಜೀವಸಹಿತ ಮನೆಗೆ ಮರಳುವುದು ಅನುಮಾನ. ಈ ಎರಡನೆಯ ಮಾತನ್ನು ಮಾತ್ರ ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

ದಾಲಿ ಎಂಬ ಊರಿನ ಹಳೆಯ ಕಾಳಗದ ತಳಿ ಅದು. ಈಚೆಗೆ ಪೇಟೆಯಲ್ಲಿ ಕಾಣುವ ಜೋಲುಮೂತಿಯದಲ್ಲ. ಹಣೆಯ ಮೇಲಷ್ಟೇ ನಾಲ್ಕು ಸುಕ್ಕು, ಕಪ್ಪು ನಾಲಿಗೆ, ಕೊಬ್ಬಿಲ್ಲದ ಎಲುಬುಬಾಯಿ. ಕೂದಲೋ, ಮೈಗೆ ಮರಳು ಮೆತ್ತಿದ ಹಾಗೆ. ರೂಢಿಯಿಲ್ಲದ ತೋಳು ಕೂದಲಿಗೆ ಎದುರಾಗಿ ಉಜ್ಜಿತೆಂದರೆ ಕೆಂಪು ಬರೆಗಳೆದ್ದು ರಾತ್ರಿಯವರೆಗೂ ಉರಿ.

“ನಂಗೂ ಮೊದಲ ವರ್ಷವೆಲ್ಲ ಹೀಗೇ ಇತ್ತು. ದಿನಾ ತಬ್ಬಿ ತಬ್ಬಿ ಚರ್ಮ ಪಳಗಿದೆ,” ಎಂದ ಮುದುಕ. “ಪರರ ಹಿಂದೆ ಹೋಗೋ ನಾಯಿ ಅಲ್ಲ ಅದು. ಯಾರೋ ಬಾಯಿ ಕಟ್ಟಿ ಎತ್ಕೊಂಡೇ ಹೋಗಿದಾರೆ. ಕಳ್ಳನ ತೋಳೇ ಹೇಳುತ್ತೆ.”

ಮೀನಿನ ಕೊಳದ ದಂಡೆ, ಹಿಪ್ಪುನೇರಳೆ ಸಾಲು, ಹಂದಿಗೂಡು, ಎಲ್ಲ ಜಾಲಾಡಿಯಾಗಿತ್ತು. ಸೊಸೆ ಚೋಯ್‌ಹಾಳ ಹುಳುಮನೆಯೊಂದು ಬಾಕಿ. ರೇಷ್ಮೆಹುಳು ಜ್ವರಕ್ಕೆ ಕೂತು ಪೊರೆ ಬಿಡುವಾಗ ಸಾಕುವವಳ ಹೊರತು ಬೇರೆ ಯಾರೂ ಅಲ್ಲಿ ಕಾಲಿಡುವಂತಿಲ್ಲ, ಮಾವನೂ ಸಹ. ಅವಳನ್ನು ಯಾರು ಅನುಮಾನಿಸುತ್ತಾರೆ? ಮದುವೆಯಾಗಿ ಎರಡು ವರ್ಷ. ನಾಯಿಯ ಬಟ್ಟಲನ್ನೂ ಕಾಲಿಂದಲೇ ತಳ್ಳುವವಳು. “ಸಾಯಲಿ ಬಿಡಿ, ಒಂದು ಬಾಯಿ ಕಮ್ಮಿ” ಎಂದು ಬೆಳಗ್ಗೆ ತಾನೇ ಗೊಣಗಿದ್ದಳು.

ತೋಳುಗಳೆಲ್ಲ ಮೇಲಾದವು. ಒಂದರಲ್ಲೂ ಬರೆಯಿಲ್ಲ. ಆದರೂ ಕಣ್ಣುಗಳೆಲ್ಲ ಪಕ್ಕದ ಮನೆಯ ಲೋ ಫಾಟ್‌ನ ಮೇಲೆ. ಚಳಿ ಬಿತ್ತೆಂದರೆ ನಾಯಿಮಾಂಸದ ಮಡಕೆ ಒಲೆಗೇರಿಸುವ ಆಸಾಮಿ.

“ನನ್ನೇನ್ರೋ ಹಾಗೆ ನೋಡ್ತೀರಿ? ಮಡಕೆ ಮೂಸಿ ಬನ್ನಿ, ಮೂಲಂಗಿ ಸಾರಿದೆ!”

“ನಿನ್ನ ಎಮ್ಮೆ ಚರ್ಮಕ್ಕೆ ಬರೆ ಎಲ್ಲಿ ಏಳುತ್ತೋ?” ಎಂದು ಯಾರೋ ಅಂದರು.

“ಅದನ್ನೂ ನೋಡೇಬಿಡೋಣ,” ಎಂದು ಮುದುಕ ಅದೇ ಮರಳು ಮೈಯ, ಉಕ್ಕುತಲೆಯ ತಂಗಿ ನಾಯಿಯನ್ನು ಹೊರಗೆ ಎಳೆದು ತಂದ. ಅದು ಗುರ್ರೆಂದು ಕೊಸರಾಡಿತು. “ಚೋಯ್‌ಹಾ, ಕತ್ತು ಗಟ್ಟಿಯಾಗಿ ಹಿಡ್ಕೊಳಮ್ಮ.”

“ಥೂ, ಇದಕ್ಕೆ ನಾನೇ ಬೇಕಿತ್ತಾ ಮಾವ?” ಮುಖ ಕಿವುಚಿ, ಮೊಣಕಾಲೂರಿ ಕೂತು ಅವಳು ಕತ್ತನ್ನು ಬಳಸಿ ಹಿಡಿದಳು. ನಾಯಿ ಸುಮ್ಮನಾಯಿತು.

ಲೋ ಫಾಟ್ ಅದರ ಬೆನ್ನಿಗೆ ತೋಳನ್ನು ಕೂದಲಿಗೆ ಎದುರಾಗಿ ಉಜ್ಜಿದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮೊಣಕೈವರೆಗೆ ಕೆಂಪು.

“ಅಯ್ಯಯ್ಯೋ ಉರಿ! ಬೆಂದ ಸೀಗಡಿ ಆಗೋಯ್ತು ಕೈ! ಈಗ ನಂಬ್ತೀರೇನ್ರೋ, ಪಾಪಿಗಳಾ?”

ಅಂಗಳವೆಲ್ಲ ನಗು. ಎಲ್ಲರೂ ಅವನ ಕೈ ನೋಡಲು ಮುಗಿಬಿದ್ದರು. ಒಬ್ಬಳು ನೀರು ತರಲು ಓಡಿದಳು.

ಮುದುಕ ನಗಲಿಲ್ಲ. ಅವನ ದೃಷ್ಟಿ ಸೊಸೆಯ ಮೇಲೆ ನಿಂತಿತ್ತು. ಅವಳ ಬರಿದೋಳು ಇಷ್ಟು ಹೊತ್ತೂ ಆ ಮರಳು ಕತ್ತಿಗೆ ಒತ್ತಿ ಉಜ್ಜುತ್ತಲೇ ಇತ್ತು. ಒಂದು ಗೆರೆಯೂ ಎದ್ದಿರಲಿಲ್ಲ. ಅವನು ಮುಚ್ಚಿದ ಹುಳುಮನೆಯ ಬಾಗಿಲನ್ನೊಮ್ಮೆ ನೋಡಿದ.

ಕುಲದವರ ಚಾವಡಿಯಿಂದ ಕಾಳಗದ ಜಾಗಟೆ ಕೇಳಿಸಿತು.

“ಹೋಗಿ ಹೇಳ್ರಪ್ಪ, ಕ್ವಾನ್ ಸೋತ ಅಂತ,” ಎಂದು ಮುದುಕ ಕೂಗಿ ಹೇಳಿದ. ಆಮೇಲೆ ಸೊಸೆಯ ಬಳಿ ಬಗ್ಗಿ, ಅವಳಿಗಷ್ಟೇ ಕೇಳುವಂತೆ ಅಂದ:

“ಅಂಗಿ ತೋಳು ಇಳಿಸ್ಕೋ ತಾಯಿ, ಯಾರಾದ್ರೂ ನೋಡ್ಯಾರು.”