ಕಾವಿನ ಅಳತೆ

ಕಮ್ಮಾರ ಮೌನಪ್ಪ ಕೊಡಲಿಯ ಹೊಸ ಕಾವನ್ನು, ಆ ಮರದ ಹಿಡಿಯನ್ನು, ಹಜರತಸಾಬನ ತೋಳಿಗೆ ಹಿಡಿದು, ಹೆಗಲ ಹತ್ತಿರ ಬಂದಲ್ಲಿ ಕಾವಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದ. "ಸಾಹೇಬರ, ಜಾಲಿ ಕೊರಡು ಸೀಳಾಕ ದಪ್ಪ ಬಾಯಿ ಕೊಡ್ಲಿನs ಬೇಕು. ತೆಳ್ಳಂದು ಸಿಕ್ಕೊಂಡ ಬಿಡತೈತಿ. ಇದು ನಿಮ್ಮಂಥಾ ಆಳಿಗೇ ಸರಿ." ಹಜರತಸಾಬ ತೋಳನ್ನು ಇನ್ನಷ್ಟು ಬಿಗಿಯಾಗಿ ಚಾಚಿದ.

ಪಕ್ಕದಲ್ಲಿದ್ದ ಅವನ ಹೆಂಡತಿ ಖತಿಜಾಬಿ ಹಲ್ಲು ಕಚ್ಚಿದಳು. ಮದುವೆ ಅಡುಗೆಗೆಂದು ಊರವರಿಗೆ ಕಟ್ಟಿಗೆ ಒಡೆದುಕೊಡುವವಳು ಅವಳು. ಹೋದ ಸಲವೂ ಅಳತೆ ಕೊಟ್ಟವನು ಗಂಡನೇ. ಆ ಉದ್ದ ಕಾವಿನ ಕೊಡಲಿ ಕೊರಡು ತಪ್ಪಿ ಅವಳ ಮೊಣಕಾಲ ಕೆಳಗೆ ಬಡಿದಿತ್ತು. ಗಾಯ ಇನ್ನೂ ಆರಿರಲಿಲ್ಲ.

"ಕಟಗಿ ಒಡಿಯಾವರು ಯಾರು ಅಂತ ಒಮ್ಮೆರ ಕೇಳಿದ್ರೇನ್ರಿ?" ಅಂದಳು.

ಮೌನಪ್ಪ ನಕ್ಕ. "ಅಕ್ಕಾರ, ಅಳತಿ ಮನಿ ಗಂಡಸಿಂದs ತಗೊಳ್ಳೂದು."

"ಹಂಗಾರ ಅವರs ಒಡೀಲಿ. ವರ್ಷದಾಗ ಒಂದ ಕೊರಡ ಒಡದಿದ್ರ ತೋರಸಲಿ."

ಹಜರತಸಾಬನ ಚಾಚಿದ ತೋಳು ಹಾಗೇ ಇತ್ತು. ಅದನ್ನು ಇಳಿಸುವುದು ಅವನಿಗೆ ತೋಚಲಿಲ್ಲ. ಖತಿಜಾಬಿ ತನ್ನ ಕೈಲಿದ್ದ ಸಂತೆಯ ಚೀಲವನ್ನು ಆ ಚಾಚಿದ ತೋಳಿಗೇ ನೇತುಹಾಕಿದಳು. ಆಮೇಲೆ ಸೆರಗು ಸರಿಸಿ, ತನ್ನ ತೋಳನ್ನು ಮೌನಪ್ಪನ ಮುಂದೆ ಹಿಡಿದಳು. ಅವನು ಹೆಬ್ಬೆರಳಿನಿಂದ ಹಳೆಯ ಗೆರೆಯನ್ನು ಒರೆಸಿದ.