ಬೆನ್ನ ಮೇಲಿನ ಪಟ್ಟೆ

ಬೆಳಕು ಸಾಲದಿದ್ದರೆ ಫೋಟೋದಲ್ಲಿ ಹುಳದ ಹಿಂದೆಲ್ಲ ರವೆ ಚೆಲ್ಲಿದ ಹಾಗೆ ಚುಕ್ಕೆ ಏಳುತ್ತವೆ. ಅದಕ್ಕೆ ನಾಯ್ಸ್ ಅನ್ನುತ್ತಾರೆ. ಫಳಫಳ ಹೊಳೆಯುವ ಜೀರ್ಜಿಂಬೆ ಬೇಲಿಯ ನೆರಳಲ್ಲಿ ಕೂತಿತ್ತು. ಬಿಸಿಲನ್ನು ಅದರತ್ತ ತಿರುಗಿಸಲು ಬಿಳಿ ಬಟ್ಟೆ ಬೇಕಿತ್ತು. ಅಪ್ಪ ಉಟ್ಟ ಪಂಚೆಯನ್ನೇ ಬಿಚ್ಚಿ ತಲೆಯ ಮೇಲೆ ಅಗಲಿಸಿ ಹಿಡಿದು, ನೀಲಿ ಪಟ್ಟಾಪಟ್ಟಿ ಚಡ್ಡಿಯಲ್ಲಿ ನಿಂತ.

"ರಸ್ತೇಲಿ ಹೆಂಗಸ್ರು ಬರ್ತಾವ್ರೆ ಕಣ್ಲಾ, ಬೇಗ ತೆಗಿ."

"ಅಲ್ಲಾಡ್ದೆ ಸುಮ್ಕಿರು. ನಿನ್ ಮಾನ ಯಾರೂ ಕಿತ್ಕೊಂಡೋಗಲ್ಲ," ಎಂದು ರೇಗಿದೆ.

ಆ ಫೋಟೋ ಕಾಲೇಜೊಂದರ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಬಂತು. ಅದೇ ಪಂಚೆಗೆ ಇಸ್ತ್ರಿ ಹಾಕಿಸಿ ಉಟ್ಟುಕೊಂಡು ಅಪ್ಪನೂ ನನ್ನ ಜೊತೆ ಬಂದ. ತೀರ್ಪುಗಾರರು ಹುಳದ ಬೆನ್ನಿಗೆ ಭೂತಗನ್ನಡಿ ಹಿಡಿದರು.

"ಹಿಂದೆ ಒಂಚೂರೂ ನಾಯ್ಸ್ ಇಲ್ಲ, ಚೆನ್ನಾಗಿದೆ. ಆದ್ರೆ ಜೀರ್ಜಿಂಬೆ ಬೆನ್ನಿಗೆ ಪಟ್ಟೆ ಇರಲ್ವಲ್ಲಪ್ಪ, ಏನಿದು?"

ಬಗ್ಗಿ ನೋಡಿದೆ. ಕನ್ನಡಿಯಂಥ ಬೆನ್ನಲ್ಲಿ ನೀಲಿ ಪಟ್ಟೆ, ಅದರ ಕೆಳಗೆ ಎರಡು ಸಣಕಲು ಕಾಲು, ಮೇಲೆ ಎತ್ತಿ ಹಿಡಿದ ಎರಡು ಕೈ. ಸುತ್ತ ನಿಂತಿದ್ದ ಕಾಲೇಜು ಹುಡುಗರೂ ಇಣುಕತೊಡಗಿದರು. ನಾನು ಫೋಟೋಗೆ ಅಂಗೈ ಅಡ್ಡ ಹಿಡಿದೆ.

"ಅದೂ ನಾಯ್ಸೇ ಸಾರ್. ಅಳ್ಸೋದು ಮರ್ತೋಗದೆ."

"ಎಲ್ಲಿ, ನಾನೂ ನೋಡ್ತೀನಿ," ಎನ್ನುತ್ತ ಅಪ್ಪ ಭೂತಗನ್ನಡಿ ಇಸಿದುಕೊಂಡ. ಬಹಳ ಹೊತ್ತು ನೋಡಿದ. ಆಮೇಲೆ ಪಂಚೆಯ ಗಂಟು ಬಿಗಿ ಮಾಡಿಕೊಂಡ.

"ಅಳ್ಸ್‌ಬುಡು ಮಗ," ಅಂದ.